ಕಂಡಕ್ಟರ್ ಮಾವನ ಊರುಗೋಲು

ನಮ್ಮ ಮಾವನವರು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೂ ಯಾರಾದರೂ ಮನೆ ಬಾಗಿಲಲ್ಲಿ ನಿಂತರೆ ಸಾಕು, "ಒಳಗೆ ಹೋಗಿ, ಒಳಗೆ ಹೋಗಿ" ಎನ್ನುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಆ ಮಾತು ನಿಂತಿತು. ಕುರ್ಚಿಯೇ ಗತಿಯಾಯಿತು. ಮಂಡಿನೋವಿಗೊಂದು ಮಾತ್ರೆ, ಆ ಮಾತ್ರೆಯಿಂದಾದ ಹೊಟ್ಟೆಯುರಿಗೆ ಇನ್ನೊಂದು.

ಕಳೆದ ವರ್ಷ ಆರೋಗ್ಯ ಕೇಂದ್ರದವರು ವಯಸ್ಸಾದವರಿಗೆಂದು ಬೆಳಗಿನ ವ್ಯಾಯಾಮ ತರಗತಿ ಶುರುಮಾಡಿದರು. ಒಂದು ವರ್ಷ ನೋಡಿ, ಆಮೇಲೆ ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನ ಎಂದಿದ್ದರು. ಮಾವನವರನ್ನು ನಾನೇ ಕೈಹಿಡಿದು, ನಿಜ ಹೇಳಬೇಕೆಂದರೆ ದಬ್ಬಿಕೊಂಡು, ಬಿಟ್ಟುಬಂದೆ. ಮೂರು ತಿಂಗಳಲ್ಲಿ ಊರುಗೋಲು ಮೂಲೆ ಸೇರಿತು. ಆರು ತಿಂಗಳಲ್ಲಿ ತರಗತಿಗೆ ಇವರದೇ ಸೀಟಿ. "ರೈಟ್" ಎಂದರೆ ಇಪ್ಪತ್ತು ಜನ ಕಾಲೆತ್ತುವರು, "ಹೋಲ್ಡಾನ್" ಎಂದರೆ ಇಳಿಸುವರು.

ವರ್ಷ ತುಂಬಿತು. ಆರೋಗ್ಯ ಇಲಾಖೆಯ ಕಚೇರಿಯಿಂದ ತರಗತಿಯ ತಪಾಸಣೆಗೆ ಬರುವ ದಿನ ನೋಡಿದರೆ, ಮಾವನವರು ಕೋಲಿನ ಧೂಳು ಒರೆಸುತ್ತಿದ್ದರು.

"ಇದ್ಯಾಕೆ ಮಾವ?"

"ಸುಮ್ನಿರಮ್ಮ. ಗಟ್ಟಿಮುಟ್ಟಾಗಿದೀವಿ ಅಂದ್ರೆ, ವಾಸಿಯಾಯ್ತಲ್ಲ, ಇನ್ಯಾಕೆ ಕ್ಲಾಸು ಅಂತ ಮುಚ್ಚಿಬಿಡ್ತಾರೆ. ಎಲ್ರೂ ಮಾತಾಡ್ಕೊಂಡಿದೀವಿ."

ಬುದ್ಧಿ ಹೆಚ್ಚಾದರೆ ಹೀಗೇ. ತಡೆಯಲಾರದೆ ನಾನೂ ಹಿಂದೆ ಹೋದೆ. ತರಗತಿಯಲ್ಲಿ ದರ್ಜಿ ಅಜ್ಜಿ ಸೊಂಟ ಹಿಡಿದು ನರಳುತ್ತಿದ್ದರು. ಮೇಷ್ಟ್ರು ಬರುವಾಗ ಎಡಗಾಲಲ್ಲಿ ಕುಂಟಿದರು, ಹೋಗುವಾಗ ಬಲಗಾಲಲ್ಲಿ. ತಪಾಸಣೆಯ ಹುಡುಗಿ ಎಲ್ಲವನ್ನೂ ಬರೆದುಕೊಂಡು ನಿಟ್ಟುಸಿರುಬಿಟ್ಟಳು.

"ಔಷಧಿ ಖರ್ಚು ಅರ್ಧಕ್ಕರ್ಧ ಇಳಿದಿದೆ, ವ್ಯಾಯಾಮದಿಂದ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ನೋವು ನುಂಗ್ಕೊಂಡು ಮಾತ್ರೆ ಬಿಟ್ಟಿದೀರ. ಕ್ಲಾಸ್ ನಿಲ್ಲಿಸಿ ಅಂತ್ಲೇ ಬರೀಬೇಕಾಗುತ್ತೆ."

ಎಲ್ಲರ ಮುಖ ಬಿಳಿಚಿತು. "ಇಲ್ಲಮ್ಮ, ನಾವು ಚೆನ್ನಾಗೇ ಇದೀವಿ" ಎಂದರು ಮಾವ.

"ಈಗ ಹಾಗೇ ಹೇಳ್ತೀರ, ತಾತ" ಎನ್ನುತ್ತಾ ಅವಳು ಚೀಲ ಹೆಗಲಿಗೇರಿಸಿ ಹೊರಗೆ ನಡೆದಳು. ನಾವೂ ಅವಳ ಬೆನ್ನಿಗೇ ಹೊರಟೆವು. ಅವಳು ಹೋಗಬೇಕಿದ್ದ ಬಸ್ಸು ಅಷ್ಟರಲ್ಲಿ ಎದುರಿನ ನಿಲ್ದಾಣ ಬಿಟ್ಟಿತ್ತು. "ಅಯ್ಯೋ, ಇನ್ನು ಎರಡು ಗಂಟೆ ಕಾಯಬೇಕು" ಎಂದು ಅಲ್ಲೇ ನಿಂತುಬಿಟ್ಟಳು.

ಪ್ರಯಾಣಿಕರನ್ನು ಬಿಟ್ಟುಹೋಗುವ ಬಸ್ಸನ್ನು ಕಂಡರೆ ಮಾವನವರಿಗೆ ಆಗುವುದೇ ಇಲ್ಲ. ಕೋಲು ಬಿಸಾಕಿದರು, ಸೀಟಿ ಊದುತ್ತಾ ಓಡಿದರು, ಬಸ್ಸಿನ ಮೈಗೆ ಎರಡೇಟು ಬಡಿದು "ಹೋಲ್ಡಾನ್" ಎಂದರು. ಬಸ್ಸು ನಿಂತಿತು. ಹುಡುಗಿ ಏದುಸಿರು ಬಿಡುತ್ತಾ ಬಂದಳು. ಮಾವನವರಿಗೆ ಉಸಿರು ಸಹ ಹೆಚ್ಚಿರಲಿಲ್ಲ. ಅವಳ ಹಿಂದೆಯೇ ಮೇಷ್ಟ್ರು, "ನಿನ್ ಕೋಲು ಕಣಯ್ಯಾ" ಎನ್ನುತ್ತಾ ಓಡಿಬಂದರು, ಎರಡೂ ಕಾಲಲ್ಲಿ.

ಅವಳು ಮೆಟ್ಟಿಲ ಮೇಲೆ ನಿಂತು ಅವರಿಬ್ಬರನ್ನೂ ನೋಡಿದಳು. ಕಾಗದ ತೆಗೆದು, ಬರೆದದ್ದನ್ನು ಮೇಲಿಂದ ಕೆಳಗಿನವರೆಗೆ ಹೊಡೆದುಹಾಕಿದಳು. "ನಾಳೆಯೂ ಕ್ಲಾಸಿಗೆ ಬನ್ನಿ, ತಾತ. ನಾಡಿದ್ದೂ ಬನ್ನಿ."

ಮಾವನವರು ಬಸ್ಸಿನೊಳಗೆ ಕೈ ತೋರಿಸಿದರು. "ಒಳಗೆ ಹೋಗಮ್ಮ, ಒಳಗೆ ಹೋಗು" ಎಂದರು. ಅತ್ತೆ ಹೋದ ಮೇಲೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.