ಶನಿವಾರ ಪಿಳ್ಳಮ್ಮಜ್ಜಿ ಹೇಳಿದ್ದು

ನಮ್ಮ ಅಜ್ಜಿ ಪಿಳ್ಳಮ್ಮ ಮನುಷ್ಯರನ್ನು ಮೂಸಿ ನೋಡಿ ಮನೆಯೊಳಗೆ ಬಿಡುತ್ತಿದ್ದಳು. ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಇರುವಷ್ಟು ದಿನ ಹೊಸ್ತಿಲಲ್ಲಿ ಅವಳದೇ ಕಾವಲು. ಬೀಡಿ ಸೇದಿದವರು, ಸೆಂಟು ಹಚ್ಚಿದವರು ಅಂಗಳದಲ್ಲೇ ನಿಲ್ಲಬೇಕು. ಹುಳ ನಾಲ್ಕನೆಯ ಸಲ ಪೊರೆ ಬಿಟ್ಟಿತೆಂದರೆ ಅಡುಗೆಮನೆಯಲ್ಲಿ ಒಗ್ಗರಣೆಯೂ ಬಂದ್. ಅಪ್ಪ ಸಪ್ಪೆ ಸಾರಿಗೆ ಗೊಣಗಿದರೆ, "ಗೂಡು ಕಟ್ಟೋದು ನೀನಲ್ಲ, ಸುಮ್ನೆ ಉಣ್ಣು" ಎನ್ನುತ್ತಿದ್ದಳು. ಸಾವಿನ ಮನೆಯಿಂದ ಬಂದವರಂತೂ ಬೀದಿಯಾಚೆಯೇ. ಸೂತಕದ ಕೈ ಸೋಕಿದರೆ ಹುಳ ಗೂಡು ಕಟ್ಟದೆ ಸಾಯುತ್ತದೆಂದು ಊರಿಗೆ ಊರೇ ನಂಬಿತ್ತು.

ನಾನು ಶಿಡ್ಲಘಟ್ಟದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ, ಯಾವುದೋ ಮದುವೆಗೆಂದು ನಮ್ಮೂರಿಗೆ ಬಂದ ಕನ್ನಡ ಮೇಷ್ಟ್ರು ಮನೆಗೂ ಬಂದರು. ಅಜ್ಜಿ ಅವರನ್ನೂ ಮೂಸಿದಳು. "ನಶ್ಯ ವಾಸನೆ ಸಾರ್. ಇಲ್ಲೇ ಕೂತ್ಕೊಳಪ್ಪ" ಎಂದು ಅಂಗಳದಲ್ಲಿ ಚಾಪೆ ಹಾಕಿದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮೇಷ್ಟ್ರಿಗೆ ಮಾತ್ರ ಬಲು ಖುಷಿ. "ಮುಂದಿನ ಶನಿವಾರ ನೀವೇ ಬರಬೇಕಮ್ಮ" ಎಂದರು.

ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಯಾರನ್ನಾದರೂ ಕರೆಸಿ ಅವರ ಬದುಕಿನ ಕಥೆ ಹೇಳಿಸುವುದು ಮೇಷ್ಟ್ರ ಹುಚ್ಚು. ಅವರದು ಒಂದೇ ಕಟ್ಟಳೆ: ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಬಂದವರು ಆ ವಿಷಯದಲ್ಲಿ ಬಹಳ ಜಾಣರು. ಬಸ್ ಏಜೆಂಟರೊಬ್ಬರು, ಎಲ್ಲರನ್ನೂ ಬೇಗ ನಂಬುವುದೇ ತಮ್ಮ ತಪ್ಪು ಎಂದರು. ಇನ್ನೊಬ್ಬರು ಮೈಮೇಲೆ ಗ್ಯಾನವಿಲ್ಲದೆ ದುಡಿದದ್ದೇ ತಪ್ಪು ಎಂದರು. ನಾವು ಚಪ್ಪಾಳೆ ತಟ್ಟಿದೆವು.

ಅಜ್ಜಿ ಮದುವೆ ಮನೆಗೆ ಹೊರಟವಳಂತೆ ಗಟ್ಟಿ ಅಂಚಿನ ಸೀರೆ ಉಟ್ಟು ಬಂದಳು. ಕುರ್ಚಿ ಬೇಡವೆಂದು ನಿಂತೇ ಮಾತಾಡಿದಳು. ಕಣ್ಣು ಮುಚ್ಚಿಕೊಂಡು, ಹುಳ ಮೇಯುವ ಸದ್ದಿನಲ್ಲೇ ಅದಕ್ಕೆ ರೋಗವಿದೆಯೋ ಇಲ್ಲವೋ ಹೇಳಬಲ್ಲೆ ಎಂದಳು. ಹುಡುಗರು ನಕ್ಕರು. ನನಗೂ ಹೆಮ್ಮೆಯಾಗತೊಡಗಿತು. ಕೊನೆಗೆ ಮೇಷ್ಟ್ರು ತಪ್ಪಿನ ಮಾತು ನೆನಪಿಸಿದರು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಏಳು ವರ್ಷ ಆಯ್ತು ನಾಯನಾ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಇನ್ನು ಆರು ದಿನ ಇತ್ತು. ಮಂಚೇನಹಳ್ಳಿಯಿಂದ ಒಬ್ಬ ಆಳು ಬಂದ. ನನ್ನ ಸೊಸೆ ತಾಯಿ ತೀರಿಕೊಂಡವ್ಳೆ, ಬೇಗ ಕಳಿಸಿ ಅಂದ. ಸೊಸೆ ಒಳಗೆ ಹುಳಕ್ಕೆ ಸೊಪ್ಪು ಹೆಚ್ತಿದ್ಳು. ಹೇಳಿದ್ರೆ ಹೋಗ್ತಾಳೆ, ಹೋದ್ರೆ ಸೂತಕ, ಹುಳ ಮುಟ್ಟೋ ಹಾಗಿಲ್ಲ. ಅವ್ಳಿಲ್ದೆ ಅಷ್ಟು ತಟ್ಟೆ ಹುಳಕ್ಕೆ ಸೊಪ್ಪು ಹಾಕೋರು ಯಾರು? ಹೇಳ್ತೀನಿ ಹೋಗಪ್ಪ ಅಂತ ಅವನನ್ನ ಬೀದಿಯಿಂದಲೇ ಕಳಿಸ್ಬಿಟ್ಟೆ. ಹುಳ ಗೂಡಿಗೆ ಹತ್ತಿದ ಮೇಲೆ, ಈಗ ಸುದ್ದಿ ಬಂತು ಕಣಮ್ಮ ಅಂದೆ."

ಅವಳ ಸೊಸೆ ಎಂದರೆ ನನ್ನ ಅಮ್ಮ. ಕ್ಲಾಸಿಗೆ ಕ್ಲಾಸೇ ನನ್ನ ಕಡೆ ತಿರುಗಿತು. ಅಮ್ಮ ತವರಿಗೆ ಹೋದಾಗ ಅವಳ ತಾಯಿ ಮಣ್ಣಾಗಿ ವಾರವಾಗಿತ್ತಂತೆ. ಹೆತ್ತವಳ ಮುಖ ತೋರಿಸಲಿಲ್ಲವೆಂದು ತನ್ನ ಅಣ್ಣನಿಗೆ ಶಾಪ ಹಾಕಿ ಬಂದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ಅವಳಣ್ಣ ಆಮೇಲೆ ನಮ್ಮ ಬಾಗಿಲಿಗೇ ಬಂದ," ಎಂದು ಅಜ್ಜಿ ಮುಂದುವರಿಸಿದಳು. "ಅವತ್ತೇ ಆಳು ಕಳಿಸಿದ್ದೆ, ನಿಮ್ಮ ಕೈಲೇ ಹೇಳಿದಾನೆ, ಹೌದು ಅನ್ನಿ ಅಂತ ಕೈ ಮುಗಿದ. ಯಾರೂ ಬರಲಿಲ್ಲಪ್ಪ ಅಂದೆ. ಅವನ ಮುಖ ನೋಡ್ಕೊಂಡೇ ಅಂದೆ."

ಮೇಷ್ಟ್ರು ವಂದನಾರ್ಪಣೆಗೆ ಎದ್ದವರು ಹಾಗೇ ಕೂತರು. "ಹೇಳು ಅಂದ್ರಿ, ಹೇಳಿದೀನಿ ಸಾರ್" ಎಂದು ಅಜ್ಜಿ ಕೆಳಗಿಳಿದಳು.

ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂರಲಿಲ್ಲ. ಊರು ಹತ್ತಿರ ಬಂದಾಗ ಅವಳೇ ಎದ್ದು ಬಂದಳು. ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಆ ಮಕ್ಕಳು ನಂಗೇನಾಗ್ಬೇಕು ಹೇಳು, ಬಾಯಿ ಬಂತು. ನಿಮ್ಮಮ್ಮನ ಮುಂದೆ ಬರಲ್ಲ ಕಣಪ್ಪ. ಆದ್ರೂ ಇವತ್ತು ಹೇಳ್ತೀನಿ. ನೀನು ಜೊತೇಲಿರು."

ಮನೆಯಲ್ಲಿ ಅಮ್ಮ ಸೊಪ್ಪು ಹೆಚ್ಚುತ್ತಿದ್ದಳು. ಅಜ್ಜಿ ಸೀರೆ ಬದಲಿಸದೆ ಎದುರಿಗೆ ಕೂತು ಅಷ್ಟನ್ನೂ ಹೇಳಿದಳು. ಅಮ್ಮನ ಕೈ ನಿಲ್ಲಲಿಲ್ಲ. ಹೇಳಿ ಮುಗಿದ ಮೇಲೆ, "ಆಳು ಯಾವತ್ತು ಬಂದಿದ್ದ?" ಎಂದು ಕೇಳಿದಳು.

"ಸೋಮವಾರ."

ಅಮ್ಮ ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡಳು. "ಆ ಸೋಮವಾರ ನಾನು ಸೊಪ್ಪು ಹೆಚ್ತಾ ಹಾಡು ಹೇಳ್ತಿದ್ದೆ. ಚೆನ್ನಾಗೈತೆ, ಇನ್ನೊಂದು ಹೇಳು ಅಂದ್ರಿ."

"ಹೂಂ," ಎಂದಳು ಅಜ್ಜಿ. "ಅಂದೆ."

ಆಗ ಅಮ್ಮನ ಕೈ ನಿಂತಿತು. ಅಂಥ ಮಾತನ್ನು ಹೂಂ ಎಂದು ಒಪ್ಪಿಕೊಂಡ ಅಜ್ಜಿಯನ್ನು ನೋಡಿ ನನಗೆ ಹೆದರಿಕೆಯಾಯಿತು. ಅವಳು ಅಳಲಿಲ್ಲ, ಕ್ಷಮಿಸು ಎನ್ನಲಿಲ್ಲ. ತಟ್ಟೆಗಳ ಕಡೆ ನೋಡುತ್ತ ಕೂತಿದ್ದಳು.

ಮರುದಿನ ಮೊದಲ ಬಸ್ಸಿಗೆ ಅಮ್ಮ ಮಂಚೇನಹಳ್ಳಿಗೆ, ಅಣ್ಣನ ಮನೆಗೆ ಹೊರಟಳು. ಮನೆ ತುಂಬ ಹುಳವಿತ್ತು, ಯಾರೂ ತಡೆಯಲಿಲ್ಲ. ಹದಿನೈದು ದಿನ ಬಿಟ್ಟು ವಾಪಸು ಬಂದಳು. ಅತ್ತೆಗೆ ಹೊತ್ತು ಹೊತ್ತಿಗೆ ಬಡಿಸಿದಳು, ಜ್ವರ ಬಂದಾಗ ಗಂಜಿ ಕೊಟ್ಟಳು. ಹಾಡು ಮಾತ್ರ ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ. ಅಜ್ಜಿ ಹೊಸ್ತಿಲ ಕಾವಲನ್ನೂ ಬಿಟ್ಟಳು. ಯಾರು ಯಾವ ವಾಸನೆ ಹೊತ್ತು ಒಳಗೆ ಹೋದರೂ ಸುಮ್ಮನಿರುತ್ತಿದ್ದಳು. ಅವಳ ಮೇಲೆ ನನಗಿದ್ದ ಸಿಟ್ಟು ಕರಗಿದ್ದು ಅದನ್ನು ನೋಡಿಯೇ.

ಎರಡು ವರ್ಷದ ಮೇಲೆ, ಅಮ್ಮ ತನ್ನ ಅಣ್ಣನ ಮಗಳ ಸೀಮಂತಕ್ಕೆ ಹೋಗಿದ್ದಾಗ, ಅಜ್ಜಿ ಬೆಳಿಗ್ಗೆ ಬಚ್ಚಲಿಗೆ ಹೋದವಳು ಕುಸಿದು ಬಿದ್ದು ತೀರಿಕೊಂಡಳು. ಸುದ್ದಿ ಮುಟ್ಟಿಸಲು ಅಪ್ಪ ನನ್ನನ್ನೇ ಓಡಿಸಿದರು. ಎರಡು ಬಸ್ಸು ಬದಲಿಸಿ ಮಂಚೇನಹಳ್ಳಿ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಅಮ್ಮ ಜಗಲಿಯ ಮೇಲೆ ವೀಳ್ಯದೆಲೆ ಜೋಡಿಸುತ್ತಿದ್ದಳು.

ವಿಷಯ ಹೇಳಿದೆ. ಅವಳು ಎದ್ದು ಬಂದು ನನ್ನ ಎರಡೂ ಭುಜ ಹಿಡಿದುಕೊಂಡಳು.

"ಯಾವಾಗ?"

"ಇವತ್ತು ಬೆಳಿಗ್ಗೆ."

"ನಿಜ ಹೇಳೋ. ಇವತ್ತೇನಾ?"

ಇವತ್ತೇ ಎಂದು ನಾನು ಮೂರು ಸಲ ಆಣೆ ಮಾಡಿ ಹೇಳಿದ ಮೇಲೆಯೇ ಅವಳು ಅತ್ತದ್ದು.