ಬಳಿಗಲ್ಲಿನ ಗೋಡೆ

ಮೂಡಲಗಿಯಿಂದ ಮೂಡಣಕ್ಕೆ, ಎರೆಹೊಲ ಮುಗಿದು ಸುಣ್ಣದ ಕಲ್ಲಿನ ದಿಬ್ಬ ಸುರುವಾಗುವಲ್ಲಿ ವೀರಪ್ಪನ ಖಣಿ ಇತ್ತು. ಅಲ್ಲಿ ಕಲ್ಲು ಒಡೆದು ಸುಣ್ಣದ ಭಟ್ಟಿಗೆ ಹಾಕುವ ಕೆಲಸ ಮಾಳಪ್ಪ, ಭರಮವ್ವ ಎಂಬ ಗಂಡ ಹೆಂಡಿರದು. ಇಬ್ಬರೂ ಕುರುಬರು. ಮಾಳಪ್ಪನ ಹಿಂಡಿಗೆ ಬ್ಯಾನಿ ಬಿದ್ದು ಕುರಿಗಳೆಲ್ಲ ಸತ್ತ ಮೇಲೆ ಖಣಿಗೆ ಬಂದವರು. ಮರಿಗಳ ನಡುವೆ ಬೆಳೆದಿದ್ದ ಭರಮವ್ವನಿಗೆ ಬೆಂಕಿಯ ಮುಂದಿನ ಬಾಳುವೆ ಒಗ್ಗಲೇ ಇಲ್ಲ. ಅಲ್ಲಿ ಹೆತ್ತ ಕೂಸುಗಳೂ ಮೊಲೆ ಬಿಡುವ ಮೊದಲೇ ಹೋದವು.

ಉಪ್ಪಿನ ಸತ್ಯಾಗ್ರಹ ನಡೆದ ವರುಷ, ಸುಗ್ಗಿ ಮುಗಿದ ಮೇಲೆ, ಪುಣೆಯಿಂದ ಕಲ್ಲಿನ ವಿದ್ಯೆ ಕಲಿಸುವ ಪ್ರೊಫೆಸರರೊಬ್ಬರು ಬಂದರು. ಖಣಿಯ ಬಡಗಣ ಗೋಡೆಯ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಆ ಗೋಡೆಯ ತುಂಬ ಒಂದರೊಳಗೊಂದು ಬಳೆ ಇಟ್ಟಂಥ ಗೆರೆಗಳು. ಹೆಣ್ಣಾಳುಗಳು ಅದಕ್ಕೆ ಬಳಿಗಲ್ಲು ಅನ್ನುತ್ತಿದ್ದರು. ಪ್ರೊಫೆಸರರು ಕೇಳಿದಂತೆ ಭರಮವ್ವ ಒಂದು ಕೊಡ ನೀರು ತಂದು ಗೋಡೆಗೆ ಸುರಿದಳು. ಧೂಳು ಇಳಿದು ಗೆರೆಗಳು ಎದ್ದು ಕಂಡವು.

“ಏನ್ ನೋಡಾಕತ್ತೀರಿ ಸಾಹೇಬ್ರ?”

“ಇದಕ್ಕ ಒಂದ ಕಾಲಕ್ಕ ಜೀವ ಇತ್ತು, ಬಾಯಿ. ಇಲ್ಲೆಲ್ಲಾ ಸಮುದ್ರ ಇತ್ತು. ಮೀನೂ ಹುಟ್ಟಿರಲಿಲ್ಲ, ಹುಲ್ಲೂ ಹುಟ್ಟಿರಲಿಲ್ಲ. ಬಾವಿಯಾಗ ಪಾಚಿ ಕಟ್ಟತೈತಲ್ಲ, ಹಂಗ ಇದು ಪದರಿನ ಮ್ಯಾಲ ಪದರು ಬೆಳಕೋಂತ ಬಂದು ಕಲ್ಲಾಗೈತಿ. ಈ ಗ್ವಾಡಿ ಒಡೀಬ್ಯಾಡ್ರಿ. ಬರೋ ವರ್ಷ ಮತ್ತ ಬರತೇನಿ.”

ಅವರು ಹೋದರು. ಮಾತು ಭರಮವ್ವನಲ್ಲಿ ಉಳಿಯಿತು. ಜೀವವಿದ್ದದ್ದನ್ನು ಇಷ್ಟು ವರುಷ ಸುಟ್ಟೆನಲ್ಲ ಎಂದು ಅವಳಿಗೆ ಊಟ ಸೇರಲಿಲ್ಲ. ಯಾಕೆ ಉಣ್ಣುತ್ತಿಲ್ಲ ಎಂದು ಮಾಳಪ್ಪ ಕೇಳಿದ.

“ಆ ಗ್ವಾಡಿಗೆ ಹಾರಿ ಹಾಕಿ ಒಡೀಬ್ಯಾಡ,” ಅಂದಳು.

“ಅದ ಛಲೋ ಕಲ್ಲು ಐತಿ. ಬ್ಯಾರೆ ಕಡೆ ಮಣ್ಣ ಜಾಸ್ತಿ.”

“ಗೊತ್ತೈತಿ.”

ಮಾಳಪ್ಪ ತಾಟನ್ನು ಅವಳತ್ತ ಸರಿಸಿ, “ಆತ ಬಿಡು, ನೀ ಬ್ಯಾಡಂದ್ರ ಬ್ಯಾಡ,” ಅಂದ.

ಭಟ್ಟಿ ತುಂಬಿದರೆ ಸಾಕು ಎಂದು ವೀರಪ್ಪ ತಕರಾರು ಮಾಡಲಿಲ್ಲ. ಮಾಳಪ್ಪ ಪಡುವಣ ಮಗ್ಗುಲಿಗೆ ಹೋದ. ಅಲ್ಲಿ ಆಳೆತ್ತರ ಕೆಮ್ಮಣ್ಣಿನ ಕೆಳಗೆ ಕಲ್ಲು. ಅಡಿಯಿಂದ ಕೊರೆದು ಕೊರೆದು ತೆಗೆಯಬೇಕು. ಮುಂದಿನ ವರುಷ ಪ್ರೊಫೆಸರರು ಬರಲಿಲ್ಲ. ಅದರ ಮರುವರುಷವೂ ಇಲ್ಲ. ಭರಮವ್ವ ಮಾತ್ರ ದಾರಿಯಲ್ಲಿ ಧೂಳೆದ್ದಾಗೊಮ್ಮೆ ತಲೆ ಎತ್ತಿ ನೋಡುತ್ತಿದ್ದಳು.

ಆ ವರುಷ ಹಿಂಗಾರಿ ಮಳೆ ಜೋರಾಯಿತು. ಮಳೆ ನಿಂತ ಮರುದಿನ ಮಧ್ಯಾಹ್ನ ಭರಮವ್ವ ರೊಟ್ಟಿ ಗಂಟು ಹೊತ್ತು ಬರುವಷ್ಟರಲ್ಲಿ ಪಡುವಣ ಮಣ್ಣು ಕುಸಿದು ಮಾಳಪ್ಪ ಅದರಡಿ ಆಗಿದ್ದ. ಆಳುಗಳು ಅಗೆಯುತ್ತಿದ್ದರು. ಅವಳೂ ಕೈಯಿಂದಲೇ ಬಗೆದಳು. ಹೊರಗೆ ತೆಗೆದಾಗ ಮೈ ಇನ್ನೂ ಬೆಚ್ಚಗಿತ್ತು, ಅಷ್ಟೇ.

ಕಲ್ಲು ಉಳಿಸಾಕ ಹೋಗಿ ಗಂಡನ್ನ ಹೂತಳು ಎಂದು ಊರು ಆಡಿತು. ಒಳಗೆ ಭರಮವ್ವನೂ ಅದನ್ನೇ ಅಂದುಕೊಂಡಿದ್ದಳು.

ಕೆಲಸಕ್ಕೆ ಮರಳಿದ ದಿನ ಅವಳು ನೆಟ್ಟಗೆ ಬಡಗಣ ಗೋಡೆಗೆ ನಡೆದು ಹಾರೆ ಎತ್ತಿದಳು. ವೀರಪ್ಪ ಓಡಿ ಬಂದ.

“ಬ್ಯಾಡವ್ವಾ, ಬ್ಯಾರೆಯವ್ರು ಒಡೀತಾರ. ನೀ ಮನಿಗೆ ಹೋಗು.”

“ಮನ್ಯಾಗ ಯಾರದಾರ್ರಿ? ನಾನ ಒಡೀತೇನಿ.”

ಒಡೆದಳು. ಸಿಟ್ಟು ತೀರಲೆಂದು ಸುರುಮಾಡಿದ್ದು. ಆದರೆ ಮೊದಲ ಚಕ್ಕೆ ಬಿದ್ದಾಗಲೇ ಸಿಟ್ಟು ಸತ್ತಿತ್ತು, ಬರೀ ಕೆಲಸ ಉಳಿದಿತ್ತು. ಬ್ಯಾಸಿಗಿ ಮುಗಿಯುವುದರೊಳಗೆ ಗೋಡೆ ಪೂರಾ ಭಟ್ಟಿಗೆ ಹೋಯಿತು. ಬೆಂದು ಸುಣ್ಣವಾಗಿ ಗಾಡಿಯಲ್ಲಿ ಗೋಕಾಕಕ್ಕೆ ಹೋಯಿತು. ಅಲ್ಲಿ ಯಾರ ಮನೆಗೆ ಬಳಿದರೋ ಯಾರಿಗೆ ಗೊತ್ತು.

ಮುಂದೆ ಬೆಂದ ಸುಣ್ಣಕ್ಕೆ ನೀರು ಹಾಕಿ ಅರಳಿಸುವಾಗ ಕುದಿ ಸಿಡಿದು ಅವಳ ಕಣ್ಣು ಹೋದವು. ನಾದಿನಿ ಕೆಂಪವ್ವ ಕೈ ಹಿಡಿದು ತನ್ನ ಮನೆಗೆ ಕರೆದೊಯ್ದಳು. ಒಂದು ದಿನ ಜ್ವಾಳ ಹಸನು ಮಾಡುತ್ತ ಕೆಂಪವ್ವ ತಡೆಯಲಾರದೆ ಅಂದಳು:

“ಆ ಪುಣೆದಾಂವ ಸುಳ್ಳ ಹೇಳಿ ಹ್ವಾದ ನೋಡ, ವೈನಿ. ಅಂವನಿಂದನ ಎಲ್ಲಾ ಆತು.”

ಭರಮವ್ವನ ಬೆರಳು ಮೊರದಲ್ಲಿನ ಕಾಳುಗಳ ಮೇಲೆ ನಿಂತವು.

“ಇಲ್ಲವಾ. ಖರೇನ ಹೇಳಿದ್ರು ಅವರು. ನನಗ ಹೇಳಬಾರದಾಗಿತ್ತು,” ಅಂದಳು.

ಜಗತ್ತಿನ ಎರಡನೆಯ ದೊಡ್ಡ ಲಡಾಯಿ ಮುಗಿದ ವರುಷ, ಭರಮವ್ವ ಚಳಿಗೆ ಎದೆ ಕಟ್ಟಿ ತೀರಿಕೊಂಡಳು.