ತಮ್ಮನಿಗೆಂದು ಎತ್ತಿಟ್ಟ ಮೂತ್ರಪಿಂಡ

ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಎರಡು ಕೋಣೆಗಳಲ್ಲಿ ಬಾಳುವ ಶಿವಗಂಗವ್ವನಿಗೆ ಲಿಂಗಪೂಜೆಯಷ್ಟೇ ಪ್ರಿಯನಾದವನು ತಮ್ಮ ಮಾಂತು. ತಾಯಿ ತೀರಿದಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಬೆಳೆಸಿದವಳು ಅವಳೇ. ಅವನ ಮೂತ್ರಪಿಂಡಗಳೆರಡೂ ಸೋತು ಡಯಾಲಿಸಿಸ್ ಮೊದಲಾದಾಗ, ತನ್ನದೊಂದನ್ನು ಕೊಡುವೆನೆನ್ನಲು ಅವಳು ಯಾರ ಒಪ್ಪಿಗೆಗೂ ಕಾಯಲಿಲ್ಲ.

ಅಷ್ಟರಲ್ಲಿ ಪಿತ್ತಕೋಶದ ಕಲ್ಲು ಕಾಡಿ ಅವಳಿಗೇ ಶಸ್ತ್ರಚಿಕಿತ್ಸೆಯಾಯಿತು. ಆ ಬಳಿಕ ಮೂತ್ರದಲ್ಲಿ ಪ್ರೋಟೀನ್ ಕಂಡಿತು. ಪ್ರೋಟೀನ್ ಸೋರುವ ಮೂತ್ರಪಿಂಡವನ್ನು ದಾನವಾಗಿ ಸ್ವೀಕರಿಸುವುದಿಲ್ಲ. ಅರಿವಳಿಕೆಯ ಅನಿಲದ ಮೇಲೆ ಸಂಶೋಧನೆ ನಡೆಸುತ್ತಿದ್ದ, ಧಾರವಾಡದ ಕಡೆಯ ಡಾಕ್ಟರ್ ನೀಲಿಮಾ ಧೈರ್ಯ ಹೇಳಿದರು:

“ಆಪರೇಶನ್ದಾಗ ಎಚ್ಚರ ತಪ್ಪಿಸಲಿಕ್ಕೆ ಕೊಡೂ ಗ್ಯಾಸ್ ತಗೊಂಡವರೊಳಗ ಕೆಲವರಿಗೆ ಹಿಂಗ ಆಗ್ತದರಿ, ಆಮ್ಯಾಲ ಇಳೀತದ. ಇಡೀ ದಿವಸದ ಮೂತ್ರ, ಮರುದಿನ ನಸುಕಿಂದೂ ಸೇರಿಸಿ, ಈ ಡಬ್ಬಿಯೊಳಗ ಕೂಡಿಸಿ ತರ್ರಿ. ನೋಡೂಣು.”

ಶಿವಗಂಗವ್ವ ಡಬ್ಬಿಯನ್ನು ಮನೆಯೊಳಗೆ ತರದೆ ಮೆಟ್ಟಿಲ ಕೆಳಗಿರಿಸಿದಳು. ನಸುಕಿನಲ್ಲಿ ಮಾತ್ರ, ಅದನ್ನು ಮುಟ್ಟಿದ ಕೈಯಲ್ಲಿ ಇಷ್ಟಲಿಂಗ ಹಿಡಿಯಲು ಮನಸ್ಸೊಪ್ಪಲಿಲ್ಲ. ಆ ಹೊತ್ತಿನದನ್ನು ಚೆಲ್ಲಿ, ಮಿಂದು, ಪೂಜೆಗೆ ಕುಳಿತಳು. ಅಷ್ಟರಿಂದ ಏನಾದೀತೆಂಬುದು ಅವಳ ಎಣಿಕೆ.

ವರದಿಯಲ್ಲಿ ಪ್ರೋಟೀನ್ ಇಳಿದಿತ್ತು. ಮನೆಯಲ್ಲಿ ಹೋಳಿಗೆಯಾಯಿತು.

“ಅಕ್ಕಾ, ನಿನ್ನ ಕಿಡ್ನಿ ಬಂದ ಮ್ಯಾಲ ನಾನೂ ನಸುಕಿಗೆ ಏಳಬೇಕಾಗ್ತದೇನು?” ಎಂದ ಮಾಂತು.

“ಏಳದಿದ್ರ ವಾಪಸ್ ಕೇಳ್ತೀನಿ, ಮೈಗಳ್ಳ!”

ಅಕ್ಕನದು ಸಿಕ್ಕೇ ಸಿಗುವುದೆಂದು ನಂಬಿ, ಮೃತರ ಅಂಗಕ್ಕಾಗಿ ಕಾಯುವವರ ಸರದಿಯಲ್ಲಿ ಅವನು ಹೆಸರು ಬರೆಸಲಿಲ್ಲ.

ತಿಂಗಳುಗಳು ಕಳೆದವು. ಕಸಿಗೆ ಮುಂಚಿನ ಕಡೆಯ ತಪಾಸಣೆಗೆ ಅವಳನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಇಡೀ ದಿನದ ಮೂತ್ರವನ್ನು ಅಲ್ಲಿಯೇ ಕೂಡಿಸಿದರು. ಪ್ರೋಟೀನ್ ಶಸ್ತ್ರಚಿಕಿತ್ಸೆಯ ಬಳಿಕ ಕಂಡಷ್ಟೇ ಇತ್ತು.

“ಹೋದ ಸಲ ಎಲ್ಲಾ ಕೂಡಿಸಿದ್ರಿಲ್ಲೋ?” ನೀಲಿಮಾ ಕೇಳಿದರು.

“ನಸುಕಿಂದೊಂದು ಬಿಟ್ಟಿದ್ನಿರಿ. ಪೂಜಾದ ಹೊತ್ತು ನೋಡ್ರಿ ಅದು...”

ವೈದ್ಯೆ ಹಳೆಯ ವರದಿಯನ್ನು ತೆಗೆದು ಹೊಸದರ ಪಕ್ಕಕ್ಕಿಟ್ಟರು. “ಅದು ಬಿಟ್ಟದ್ದಕ್ಕ ಆವಾಗ ಲೆಕ್ಕ ಕಡಿಮಿ ಬಂದದ. ಇದು ಗ್ಯಾಸಿಂದಲ್ಲರಿ, ಅವ್ವಾರ. ಅದರದಾಗಿದ್ರ ಇಷ್ಟರೊಳಗ ಹೋಗಿರತಿತ್ತು. ನಿಮ್ಮ ಕಿಡ್ನಿಗೂ ಜಡ್ಡು ಹತ್ಯದ. ಕೊಡಲಿಕ್ಕೆ ಬರೂದಿಲ್ಲ.”

ಮಾಂತು ಅಂದೇ ಸರದಿಯ ತುದಿಗೆ ಹೆಸರು ಬರೆಸಿ ಹೊರಬಂದ. ಅಕ್ಕ ಬೆಂಚಿನ ಮೇಲೆ ಕುಗ್ಗಿ ಕುಳಿತಿದ್ದಳು.

“ನಿನ್ನ ಇಷ್ಟು ದಿನ ನಾನ ಕಳದೆನಲ್ಲೋ, ತಮ್ಮಾ.”

“ಏಳ ಅಕ್ಕಾ. ಇನ್ನ ಮ್ಯಾಲ ಇಬ್ರೂ ಕೂಡೇ ಡಾಕ್ಟರ್ ಕಡೆ ಬರೂಣು, ರಿಕ್ಷಾದ ಖರ್ಚರ ಉಳೀತದ.”

ಅವಳು ನಗಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ಅವನ ತೋಳಿನ ಮೇಲೆ ಅಂಗೈಯಿಟ್ಟು, ಹಾಗೆಯೇ ಕುಳಿತಳು.